ನಿಸ್ವಾರ್ಥ: ಯಾರು ಯಾರಿಗೆ ಹೇಳುವ ಮಾತು?

ತಾಯಿ ತೀರಿಕೊಂಡು ತಿಂಗಳಾಗುತ್ತಿತ್ತು. ನೆನಪಿನ ಕಾರ್ಡು ಅಚ್ಚು ಹಾಕಿಸಲು ನಾವು ಮಕ್ಕಳೆಲ್ಲ ಕೂಡಿದ್ದೆವು. ಭಾವಚಿತ್ರದ ಕೆಳಗೆ ಏನು ಬರೆಯಬೇಕೆಂಬ ಪ್ರಶ್ನೆ ಬಂದಾಗ ‘ನಿಸ್ವಾರ್ಥ ಜೀವಿ’ ಎಂದು ಬರೆಯೋಣವೆಂದೆ. ಎಲ್ಲರೂ ತಲೆದೂಗಿದರು. ಅಕ್ಕ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಅಮ್ಮ ಮೂರು ವರ್ಷ ಮುಂದೂಡಿದಳು. ಒಮ್ಮೆ ನಿನ್ನ ಪರೀಕ್ಷೆ, ಒಮ್ಮೆ ತಂಗಿಯ ಮದುವೆ, ಒಮ್ಮೆ ಮನೆಯ ಮಾಡು. ಮುಂದೂಡಬೇಡ ಎಂದು ನಮ್ಮಲ್ಲಿ ಒಬ್ಬರಾದರೂ ಹೇಳಿದೆವೇ?” ಯಾರಲ್ಲಿಯೂ ಉತ್ತರವಿರಲಿಲ್ಲ.

ಓದುಗರೇ, ಅಂದಿನಿಂದ ಈ ಪದವನ್ನು ಕೇಳಿದಾಗಲೆಲ್ಲ ನಾನು ಕ್ಷಣಕಾಲ ನಿಂತು ಯೋಚಿಸುತ್ತೇನೆ. ಸನ್ಮಾನಪತ್ರಗಳಲ್ಲಿ, ಬೀಳ್ಕೊಡುಗೆಯ ಭಾಷಣಗಳಲ್ಲಿ, ಶ್ರದ್ಧಾಂಜಲಿಯ ಸಭೆಗಳಲ್ಲಿ ‘ನಿಸ್ವಾರ್ಥ ಸೇವೆ’ ಎಂಬ ಮಾತು ಎಷ್ಟು ಸಲೀಸಾಗಿ ಬಂದುಬಿಡುತ್ತದೆ! ಆದರೆ ಅದರ ಅರ್ಥವೇನು? ‘ಸ್ವ’ ಎಂದರೆ ತನ್ನದು. ‘ಅರ್ಥ’ ಎಂದರೆ ಪ್ರಯೋಜನ, ಸಂಪತ್ತು ಹಾಗೂ ಉದ್ದೇಶ. ಅದರ ಹಿಂದೆ ‘ನಿಃ’ ಎಂಬ ಉಪಸರ್ಗ ಸೇರಿದಾಗ ‘ನಿಸ್ವಾರ್ಥ’. ಈ ಪದವು ಒಬ್ಬರಲ್ಲಿ ಏನಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಏನಿದೆ ಎಂಬುದನ್ನು ಹೇಳುವುದಿಲ್ಲ. ಬರಿದಾದ ಪಾತ್ರೆಯೂ ನಿಸ್ವಾರ್ಥವೇ. ಬರಿದಾಗಿರುವುದೇ ಒಂದು ಗುಣವೇ?

ನಿಸ್ವಾರ್ಥವೆಂಬುದೇ ಇಲ್ಲವೆಂದು ವಾದಿಸುವವರೂ ಇದ್ದಾರೆ. ಪರೋಪಕಾರಿಗೂ ಸಂತೋಷ ದೊರೆಯುತ್ತದೆ, ಆ ಸಂತೋಷಕ್ಕಾಗಿಯೇ ಆತ ಉಪಕಾರ ಮಾಡುತ್ತಾನೆ, ಆದುದರಿಂದ ಅದೂ ಸ್ವಾರ್ಥವೇ ಎಂಬುದು ಅವರ ತರ್ಕ. ಇಂಗ್ಲೆಂಡಿನ ಧರ್ಮಬೋಧಕ ಜೋಸೆಫ್ ಬಟ್ಲರ್ 1726ರಲ್ಲಿ ಪ್ರಕಟಿಸಿದ ತಮ್ಮ ಪ್ರಬೋಧನೆಗಳಲ್ಲಿ ಈ ತರ್ಕದ ಬುಡವನ್ನೇ ಅಲುಗಾಡಿಸಿದರು. ಬಯಕೆ ನನ್ನದಾಗಿರುವುದು ಬೇರೆ, ಬಯಕೆಯ ಗುರಿ ನಾನೇ ಆಗಿರುವುದು ಬೇರೆ. ನೆರೆಮನೆಯ ಮಗುವಿನ ಜ್ವರ ಇಳಿದಾಗ ನನಗೆ ಸಂತೋಷವಾಗುವುದು ಆ ಮಗು ಗುಣವಾಗಲೆಂದು ನಾನು ಮೊದಲೇ ಬಯಸಿದ್ದರಿಂದ. ಮಗುವಿನ ಹಿತ ನನಗೆ ಬೇಡವಾಗಿದ್ದರೆ ಆ ಸಂತೋಷವೇ ಹುಟ್ಟುತ್ತಿರಲಿಲ್ಲ. ಸಂತೋಷವು ಪ್ರೀತಿಯ ಫಲವೇ ಹೊರತು ಅದರ ಬೇರಲ್ಲ. ಹೀಗಿರುವಾಗ ನಗುನಗುತ್ತಾ ಕೊಡುವವರನ್ನು ಸ್ವಾರ್ಥಿಗಳೆಂದು ಶಂಕಿಸಬೇಕಾಗಿಲ್ಲ.

‘ತ್ಯಾಗ’ವು ನಿಸ್ವಾರ್ಥದ ಸಮೀಪದ ಬಂಧು. 1941ರಲ್ಲಿ ಔಶ್ವಿಟ್ಜ್ ಸೆರೆಶಿಬಿರದಲ್ಲಿ ಹತ್ತು ಮಂದಿ ಕೈದಿಗಳನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಲಾಯಿತು. ಅವರಲ್ಲೊಬ್ಬನು ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದಾಗ, ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಗುರು ಸಾಲಿನಿಂದ ಮುಂದೆ ಬಂದು ಅವನ ಸ್ಥಾನದಲ್ಲಿ ಸಾಯಲು ಒಪ್ಪಿದರು. ಉಳಿದುಕೊಂಡ ಆ ವ್ಯಕ್ತಿ 1995ರವರೆಗೂ ಬದುಕಿದ್ದ. 1982ರಲ್ಲಿ ಕೋಲ್ಬೆಯವರನ್ನು ಸಂತರೆಂದು ಘೋಷಿಸಿದಾಗ ಆ ಸಮಾರಂಭದಲ್ಲಿ ಹಾಜರಿದ್ದ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೋಲ್ಬೆಯವರನ್ನು ಯಾರೂ ಮುಂದಕ್ಕೆ ತಳ್ಳಲಿಲ್ಲ. ‘ನೀವು ಗುರುಗಳು, ನಿಮಗೆ ಸಂಸಾರವಿಲ್ಲ, ನೀವೇ ಹೋಗಿ’ ಎಂದು ಇತರರು ಒತ್ತಾಯಿಸಿದ್ದರೆ, ಸಾವು ಅದೇ ಆಗಿರುತ್ತಿತ್ತು, ಆದರೆ ತ್ಯಾಗ ಆಗುತ್ತಿರಲಿಲ್ಲ. ತ್ಯಾಗವನ್ನು ಮಾಡಬಹುದು, ಮಾಡಿಸಲಾಗದು. ಮಾಡಿಸಿದರೆ ಅದರ ಹೆಸರು ಕಸಿದುಕೊಳ್ಳುವುದು.

ಈ ವ್ಯತ್ಯಾಸವನ್ನು ನಾವು ದಿನನಿತ್ಯ ಮರೆಯುತ್ತೇವೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ನಮ್ಮ ಹಳ್ಳಿಗಳಿಗೆ ಬಂದ ಆಶಾ ಕಾರ್ಯಕರ್ತೆಯರನ್ನು ನೋಡಿ. ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕೂಸುಗಳಿಗೆ ಲಸಿಕೆ ತಪ್ಪದಂತೆ ನೋಡಿಕೊಳ್ಳುವುದು, ಕೊರೊನಾ ಕಾಲದಲ್ಲಿ ಮನೆಮನೆ ಸುತ್ತುವುದು ಎಲ್ಲವನ್ನೂ ಅವರು ಮಾಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅವರನ್ನು ಗೌರವಿಸಿತು. ಆದರೆ ನಿಯಮದ ಪ್ರಕಾರ ಅವರು ನೌಕರರಲ್ಲ, ‘ಸ್ವಯಂಸೇವಕಿ’ಯರು, ಪಡೆಯುವುದು ಸಂಬಳವಲ್ಲ, ‘ಗೌರವಧನ’ ಹಾಗೂ ‘ಪ್ರೋತ್ಸಾಹಧನ’. ಎಷ್ಟು ಸುಂದರವಾದ ಪದಗಳು! ಆದರೂ ಹೆಚ್ಚಿನ ಹಣಕ್ಕಾಗಿ ಅವರು ಬೀದಿಯಲ್ಲಿ ಧರಣಿ ಕೂರಬೇಕಾಗಿ ಬಂದಿದೆ. ಆಗ ‘ಸೇವೆಯೆಂದ ಮೇಲೆ ಹಣದ ಮಾತೇಕೆ?’ ಎಂದು ಕೇಳುವವರು ಯಾರು? ಆ ಸೇವೆಯ ಫಲವನ್ನು ಉಂಡ ನಾವೇ ಅಲ್ಲವೇ? ಇತರರ ನಿಸ್ವಾರ್ಥವನ್ನು ಹೊಗಳುವ ನಾಲಿಗೆಯಲ್ಲಿ ನಮ್ಮ ಸ್ವಾರ್ಥ ಅಡಗಿ ಕುಳಿತಿರಬಹುದು.

ನೆರೆಯವರನ್ನು ಪ್ರೀತಿಸಬೇಕೆನ್ನುವ ಪ್ರಭುವಿನ ಆಜ್ಞೆಯು ಆ ಪ್ರೀತಿಗೆ ಅಳತೆಗೋಲಾಗಿ ಇಟ್ಟಿರುವುದು ನಮ್ಮ ಮೇಲೆ ನಮಗಿರುವ ಪ್ರೀತಿಯನ್ನೇ. ‘ಸ್ವ’ವನ್ನು ಅಳಿಸಿಹಾಕಿದರೆ ಅಳತೆಗೋಲೇ ಉಳಿಯದು. ತಾನು ಎಂಬುದಿದ್ದರೆ ತಾನೆ ಅದನ್ನು ಕೊಡಲು ಸಾಧ್ಯ? ಆದುದರಿಂದ ನಿಸ್ವಾರ್ಥವನ್ನು ನಮ್ಮಿಂದ ನಾವು ಬಯಸೋಣ. ಇತರರ ವಿಷಯದಲ್ಲಿ ನಮಗೆ ತಕ್ಕ ಪದ ‘ನ್ಯಾಯ’. ಮನೆಯಲ್ಲಿ ಯಾವಾಗಲೂ ಕೊನೆಗೆ ಉಣ್ಣುವವರು ಇದ್ದರೆ ಅವರನ್ನು ಹೊಗಳುವ ಮೊದಲು ಒಂದು ತಟ್ಟೆಗೆ ಬಡಿಸಿ ಅವರ ಮುಂದಿಡೋಣ.

ಅಮ್ಮನ ಪ್ರೀತಿ ಸುಳ್ಳಾಗಿರಲಿಲ್ಲ. ಆ ಪದ ನಮ್ಮ ಬಾಯಲ್ಲಿ ಸುಳ್ಳಾಗಿತ್ತು. ಕಾರ್ಡಿನಲ್ಲಿ ಕೊನೆಗೆ ‘ನಮ್ಮನ್ನು ಪ್ರೀತಿಸಿದಳು’ ಎಂದಷ್ಟೇ ಅಚ್ಚಾಯಿತು. ನಾವು ಅವಳನ್ನು ಎಷ್ಟು ಪ್ರೀತಿಸಿದೆವೆಂಬುದನ್ನು ಬರೆಯುವ ಧೈರ್ಯ ನಮಗಾರಿಗೂ ಬರಲಿಲ್ಲ.