ಕೊನೆಯ ಸಾಲಿನ ಪ್ರಮಾಣ

ಮೂರು ಸಾಲು ಆಸನಗಳ ಕಾರನ್ನು ಕೊಳ್ಳುವ ಮುನ್ನ ಕುಟುಂಬಗಳು ನಡೆಸುವ ಪರೀಕ್ಷೆ ಮೇಲುನೋಟಕ್ಕೆ ಬೆಲೆಗೂ ಮೈಲೇಜಿಗೂ ಸಂಬಂಧಿಸಿದ್ದಾದರೂ, ಅದರೊಳಗೆ ಭಾರತೀಯ ತರ್ಕಶಾಸ್ತ್ರದ ಹಳೆಯ ಸಮಸ್ಯೆಯೊಂದು ಅಡಗಿದೆ: ಒಬ್ಬರ ಸುಖದುಃಖವನ್ನು ಇನ್ನೊಬ್ಬರು ಯಾವ ಪ್ರಮಾಣದಿಂದ ತಿಳಿಯಬಲ್ಲರು? ಪ್ರಮಾಣವೆಂದರೆ ಯಥಾರ್ಥ ಜ್ಞಾನದ ಸಾಧನ. ಗೌತಮನ ನ್ಯಾಯಸೂತ್ರ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಅಂಗೀಕರಿಸುತ್ತದೆ. ಷೋರೂಮಿನಲ್ಲಿ ಇವುಗಳಲ್ಲಿ ಮೂರಾದರೂ ಏಕಕಾಲಕ್ಕೆ ಕೆಲಸ ಮಾಡುತ್ತಿರುತ್ತವೆ, ಮತ್ತು ಮೂರೂ ಒಂದೇ ಜಾಗದಲ್ಲಿ ಎಡವುತ್ತವೆ.

2021ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಹೀಂದ್ರಾ ಎಕ್ಸ್‌ಯುವಿ 700, ಹ್ಯುಂಡೈ ಅಲ್ಕಜಾರ್ ಮುಂತಾದವು ಕ್ರಾಸೋವರ್ ಎಂಬ ವರ್ಗಕ್ಕೆ ಸೇರಿದವು. ಅಂದರೆ ನೋಟದಲ್ಲಿ ಎತ್ತರದ ಎಸ್‌ಯುವಿಯಂತಿದ್ದರೂ, ಲಾರಿಯಲ್ಲಿರುವಂತೆ ಪ್ರತ್ಯೇಕ ಚಾಸಿಯ ಮೇಲೆ ಬಾಡಿ ಕೂರಿಸದೆ, ಸಾಮಾನ್ಯ ಕಾರಿನಂತೆ ಎರಡನ್ನೂ ಒಂದೇ ಚೌಕಟ್ಟಾಗಿ ಕಟ್ಟಿದ ವಾಹನಗಳು. ನಾಲ್ಕೂವರೆ ಮೀಟರಿನ ಆಸುಪಾಸಿನ ಉದ್ದದಲ್ಲಿ ಮೂರು ಸಾಲುಗಳನ್ನು ಹೊಂದಿಸಬೇಕಾಗಿರುವುದರಿಂದ ಕೊನೆಯ ಸಾಲು ಹಿಂದಿನ ಚಕ್ರಗಳ ಬಳಿಗೆ ಸರಿಯುತ್ತದೆ. ಅಲ್ಲಿ ನೆಲ ಎತ್ತರ, ಆಸನ ತಗ್ಗು. ಕುಳಿತವರ ಮೊಣಕಾಲು ಎದೆಯತ್ತ ಏರಿ, ತೊಡೆಗೆ ಆಧಾರವಿಲ್ಲದೆ, ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ, ಮತ್ತು ರಸ್ತೆಯ ಪ್ರತಿಯೊಂದು ಹಂಪ್ ಅಲ್ಲಿಗೇ ಹೆಚ್ಚು ತಲುಪುತ್ತದೆ.

‘ಏಳು ಸೀಟುಗಳಿವೆ, ಆದುದರಿಂದ ಏಳು ಜನ ಆರಾಮವಾಗಿ ಕೂರಬಹುದು’ ಎಂಬ ಅನುಮಾನವನ್ನು ನೈಯಾಯಿಕರು ಹೇತ್ವಾಭಾಸ, ಅಂದರೆ ಕಾರಣದಂತೆ ತೋರುವ ದೋಷ, ಎಂದೇ ಎಣಿಸುವರು. ಅದರಲ್ಲೂ ಇದು ಸವ್ಯಭಿಚಾರ, ಸೀಟು ಇದ್ದಲ್ಲೂ ಆರಾಮ ಇಲ್ಲದಿರಬಹುದಾದ್ದರಿಂದ. ಟೆಸ್ಟ್ ಡ್ರೈವ್ ಎಂಬ ಪ್ರತ್ಯಕ್ಷವಾದರೂ ಸ್ಟೇರಿಂಗ್ ಹಿಡಿದವನದೇ ಹೊರತು ಹಿಂದೆ ಕುಳಿತವರದಲ್ಲ. ನ್ಯಾಯದರ್ಶನದ ಪ್ರಕಾರ ಸುಖದುಃಖಗಳು ಆತ್ಮದ ಗುಣಗಳು. ಅವು ಆಯಾ ವ್ಯಕ್ತಿಯ ಮನಸ್ಸಿಗೆ ಮಾತ್ರ ಪ್ರತ್ಯಕ್ಷ, ಉಳಿದವರಿಗೆ ಮುಖಚರ್ಯೆಯಿಂದ ಊಹಿಸಿಕೊಳ್ಳಬೇಕಾದವು. ಕನ್ನಡಿಯಲ್ಲಿ ಕಾಣುವ ಮುಖವನ್ನು ನೋಡಿ ಸೊಂಟದ ನೋವನ್ನು ಅಳೆಯುವುದು ದುರ್ಬಲ ಅನುಮಾನವೇ ಸರಿ.

ಆದುದರಿಂದ ಶಬ್ದಪ್ರಮಾಣಕ್ಕೆ, ಅಂದರೆ ಆಪ್ತರ ಮಾತಿಗೆ, ಮೊರೆಹೋಗಬೇಕಾಗುತ್ತದೆ. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಆಪ್ತನಿಗೆ ಎರಡು ಲಕ್ಷಣಗಳನ್ನು ಹೇಳುತ್ತಾನೆ: ವಿಷಯವನ್ನು ತಾನೇ ನೇರವಾಗಿ ತಿಳಿದಿರಬೇಕು, ಮತ್ತು ತಿಳಿದದ್ದನ್ನು ತಿಳಿದಂತೆಯೇ ಹೇಳುವ ಇಚ್ಛೆಯಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುತ್ತಾನೆ; ಹಾಗಾಗಿ ಗ್ಯಾರೇಜಿನ ಮೆಕ್ಯಾನಿಕ್ ಕೂಡ ಆಪ್ತನಾಗಲು ಅಡ್ಡಿಯಿಲ್ಲ. ಮಾರಾಟಗಾರನಿಗೆ ಹೇಳುವ ಉತ್ಸಾಹ ಬೇಕಾದಷ್ಟಿದೆ; ಆದರೆ ತುಂಬಿದ ಗಾಡಿಯ ಕೊನೆಯ ಸಾಲಿನಲ್ಲಿ ಕುಳಿತು ಚಾರ್ಮಾಡಿ ಘಾಟಿ ಇಳಿದ ಅನುಭವ ಅವನಿಗಿರುವುದು ಅಪರೂಪ. ಅಪಘಾತ ಪರೀಕ್ಷೆಯ ನಕ್ಷತ್ರಗಳು ಹೆಚ್ಚು ನಂಬಿಕೆಗೆ ಅರ್ಹವಾದ ಮಾತು, ಆದರೆ ಅದಕ್ಕೂ ಮೇರೆಯಿದೆ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನ ಮುಂಭಾಗದ ಡಿಕ್ಕಿ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಹಾಯಿಸುತ್ತಾರೆ. ವಯಸ್ಕರ ಬೊಂಬೆಗಳು ಮುಂದಿನ ಎರಡು ಆಸನಗಳಲ್ಲಿರುತ್ತವೆ, ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳು ಅವುಗಳ ಹಿಂದಿರುತ್ತವೆ. ಕೊನೆಯ ಸಾಲಿನಲ್ಲಿ ಕುಳಿತ ವಯಸ್ಕರಿಗೆ ಏನಾಗುತ್ತದೆಂಬುದನ್ನು ಆ ಅಂಕಗಳು ಹೇಳುವುದಿಲ್ಲ. ಐದು ನಕ್ಷತ್ರಗಳನ್ನು ಏಳೂ ಜನರಿಗೆ ಹಂಚುವುದು ಕೊಳ್ಳುವವರೇ ಮಾಡಿಕೊಳ್ಳುವ ವಿಸ್ತರಣೆ.

ಎಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಮನೆಯೊಳಗಿನದು. ಅಜ್ಜಿಯನ್ನು ಕೊನೆಯ ಸಾಲಿಗೆ ಹತ್ತಿಸಿ ‘ಹೇಗಿದೆ’ ಎಂದು ಕೇಳಿದರೆ, ‘ನನಗೇನಪ್ಪ, ಎಲ್ಲಾದರೂ ಕೂತ್ಕೋತೀನಿ, ನಿಮಗೆ ಅನುಕೂಲ ಆದರೆ ಸಾಕು’ ಎಂಬ ಉತ್ತರ ಬರುತ್ತದೆ. ಮಡಚಿದ ನಡುವಿನ ಸೀಟನ್ನು ದಾಟಿ, ಬಾಗಿ, ಸೆರಗು ಸರಿಪಡಿಸಿಕೊಂಡು ಕುಳಿತ ಆಕೆಗೆ ನೇರ ಜ್ಞಾನವೇನೋ ಇದೆ. ಇಲ್ಲದಿರುವುದು ಅದನ್ನು ಇದ್ದಂತೆ ಹೇಳುವ ಇಚ್ಛೆ. ವಾತ್ಸ್ಯಾಯನನ ಮೊದಲ ಲಕ್ಷಣ ಆಕೆಯಲ್ಲಿದೆ, ಎರಡನೆಯದನ್ನು ಸಂಕೋಚವೂ ಮಮತೆಯೂ ಕಿತ್ತುಕೊಂಡಿವೆ. ಈ ಕಾರಣಕ್ಕೆ ಆಕೆಯನ್ನು ಅನಾಪ್ತಳೆನ್ನುವುದು ಕ್ರೂರ. ಆಕೆಯ ಒಪ್ಪಿಗೆಯನ್ನು ಪ್ರಮಾಣವೆಂದು ಬಳಸಿಕೊಳ್ಳುವುದು ಅದಕ್ಕಿಂತ ಕ್ರೂರ.

ಹೀಗಿರುವಾಗ ಪರೀಕ್ಷೆಯ ಕ್ರಮವೇ ಬದಲಾಗಬೇಕಾಗುತ್ತದೆ: ಹಣ ಕೊಡುವವನು ಸ್ಟೇರಿಂಗನ್ನು ಬೇರೊಬ್ಬರಿಗೆ ಬಿಟ್ಟು, ಎಲ್ಲ ಆಸನಗಳನ್ನೂ ತುಂಬಿಸಿ, ಕೆಟ್ಟ ರಸ್ತೆಯಲ್ಲಿ ಒಂದು ಗಂಟೆಯಾದರೂ ಹಿಂದೆ ಕೂರಬೇಕು. ಆಗಲೂ ಅವನಿಗೆ ದೊರೆಯುವುದು ತನ್ನ ಮೊಣಕಾಲಿನ ಪ್ರತ್ಯಕ್ಷವೇ. ಎಪ್ಪತ್ತು ದಾಟಿದ ಮೊಣಕಾಲಿನದು ಅನುಮಾನವಾಗಿಯೇ ಉಳಿಯುತ್ತದೆ, ಆದರೆ ಅದಕ್ಕೀಗ ಗಟ್ಟಿಯಾದ ಹೇತು ಇರುತ್ತದೆ. ಕೊನೆಯ ಸಾಲು ಬಳಕೆಯಾಗುವುದು ವರ್ಷಕ್ಕೆ ನಾಲ್ಕಾರು ದಿನ ಮಾತ್ರ, ಅದಕ್ಕಿಷ್ಟು ವಿಚಾರವೇಕೆ ಎಂಬ ಆಕ್ಷೇಪ ಸಹಜ. ಆದರೆ ಆ ನಾಲ್ಕಾರು ದಿನಗಳ ಧರ್ಮಸ್ಥಳ ಯಾತ್ರೆಗೆಂದೇ ಏಳು ಸೀಟಿನ ಕಾರನ್ನು ಕೊಳ್ಳುತ್ತಿರುವಾಗ ಆಕ್ಷೇಪ ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆ, ಮತ್ತು ಐದು ಸೀಟಿನ ಕಾರು ಕೊಂಡು ಯಾತ್ರೆಗೆ ಟೆಂಪೋ ಟ್ರಾವೆಲರ್ ಬಾಡಿಗೆಗೆ ಪಡೆಯುವ ಪಕ್ಷವೂ ವಿಚಾರಾರ್ಹವಾಗುತ್ತದೆ.