ಮೆಲ್ಲಗೆ ಹೇಳಿದ ಆನೆ

ಕೋಳಿಮರಿಗಳಿಗೆ ರಕ್ತಹೀನತೆ ತರುವ ಪುಟ್ಟ ವೈರಸ್ಸೊಂದಿದೆ. ಅದರ ಪ್ರೋಟೀನುಗಳಲ್ಲಿ ಒಂದರ ಹೆಸರು ಅಪಾಪ್ಟಿನ್, ಕೇವಲ 121 ಅಮೈನೋ ಆಮ್ಲಗಳ ಸರಪಳಿ. ತೊಂಬತ್ತರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್ನಿನ ಸಂಶೋಧಕರು ಇದನ್ನು ಮನುಷ್ಯರ ಜೀವಕೋಶಗಳೊಳಗೆ ಬಿಟ್ಟು ನೋಡಿದರು. ಕ್ಯಾನ್ಸರ್ ಕೋಶದಲ್ಲಿ ಅದು ಕೋಶಕೇಂದ್ರಕ್ಕೆ ನುಗ್ಗಿತು, ಕೋಶ ತನ್ನನ್ನು ತಾನೇ ಕೊಂದುಕೊಂಡಿತು. ಆರೋಗ್ಯವಂತ ಕೋಶದಲ್ಲಿ ಕೇಂದ್ರದ ಹೊರಗೇ ಉಳಿಯಿತು, ಕೋಶ ಬದುಕಿತು. ಕೀಮೋಥೆರಪಿಯಲ್ಲಿ ಗೆಡ್ಡೆಯ ಜೊತೆಗೆ ಕೂದಲು, ಕರುಳು, ರಕ್ತ ಎಲ್ಲಕ್ಕೂ ಪೆಟ್ಟು ಬೀಳುವುದನ್ನು ಕಂಡವರಿಗೆ ಇದೆಂಥ ಸುದ್ದಿ!

‘ಅಪಾಪ್ಟಿನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಒಳ್ಳೆಯ ಕೋಶಗಳನ್ನು ಮುಟ್ಟುವುದಿಲ್ಲ.’ ಈ ವಾಕ್ಯ ನಿಜವೇ? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಟ್ಟಿಗೆ, ಹೆಚ್ಚುಕಡಿಮೆ ನಿಜ. (ಪ್ರಮಾಣ ಹೆಚ್ಚಾದರೆ ಒಳ್ಳೆಯ ಕೋಶದಲ್ಲೂ ಅದು ಕೇಂದ್ರ ಸೇರುತ್ತದೆ ಎಂದು 2004ರಲ್ಲೇ ಒಂದು ಅಧ್ಯಯನ ಹೇಳಿತು.) ಅಪಾಪ್ಟಿನ್ ಇವತ್ತಿಗೂ ಔಷಧಿ ಅಂಗಡಿ ತಲುಪಿಲ್ಲ. ಇಂಥದೇ ವಾಕ್ಯ ಓದಿದ ನನ್ನ ಸಂಬಂಧಿಕರೊಬ್ಬರು, ಹೆಂಡತಿಯ ರಿಪೋರ್ಟುಗಳ ಕವರನ್ನು ತೊಡೆಯ ಮೇಲಿಟ್ಟುಕೊಂಡು, “ಆ ಔಷಧಿ ಬೆಂಗಳೂರಲ್ಲಿ ಸಿಗುತ್ತೇನಪ್ಪಾ?” ಎಂದು ಕೇಳಿದರು. ಇಲ್ಲ ಚಿಕ್ಕಪ್ಪ, ಅದಿನ್ನೂ ಔಷಧಿಯಾಗಿಲ್ಲ ಎಂದೆ. “ಮತ್ತೆ ಕೊಲ್ಲುತ್ತೆ ಅಂತ ಯಾಕೆ ಬರೀತೀರಿ?”

ಧರ್ಮರಾಯನೂ ಸುಳ್ಳು ಹೇಳಲಿಲ್ಲ. ಸತ್ತದ್ದು ಅಶ್ವತ್ಥಾಮನೆಂಬ ಆನೆ ಎಂಬುದನ್ನು ಮೆಲ್ಲಗೆ ಹೇಳಿದ, ಅಷ್ಟೆ. ದ್ರೋಣರ ಕಿವಿಗೆ ಬಿದ್ದದ್ದು ಮಗ ಸತ್ತನೆಂಬ ಮಾತು ಮಾತ್ರ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಕೆಳಗಿಳಿಯಿತು. ನಮ್ಮ ಪ್ರಬಂಧಗಳಲ್ಲೂ ‘ಪ್ರಯೋಗಾಲಯದ ಕೋಶಗಳಲ್ಲಿ’ ಎಂಬ ಆನೆ ಇದ್ದೇ ಇರುತ್ತದೆ, ಸಣ್ಣ ಅಕ್ಷರದಲ್ಲಿ.

ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಧರ್ಮರಾಯನಿಗೆ ದ್ರೋಣರು ಮೋಸಹೋಗುವುದು ಬೇಕಿತ್ತು, ವಿಜ್ಞಾನಿಗೆ ರೋಗಿ ಮೋಸಹೋಗುವುದು ಬೇಕಿಲ್ಲ. ಆದರೆ ಗಟ್ಟಿಯಾಗಿ ಹೇಳಿದ ಅರ್ಧದಿಂದಲೇ ಅನುದಾನ ಬರುತ್ತದೆ, ಹೆಸರು ಬರುತ್ತದೆ. ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿದ್ದೂ ದನಿ ತಗ್ಗಿಸುವುದು ಉದ್ದೇಶವಲ್ಲದಿದ್ದರೆ ಇನ್ನೇನು? ಭರವಸೆಯೂ ಒಂದು ಮದ್ದು ತಾನೇ ಎನ್ನುವವರಿದ್ದಾರೆ. ಇರಬಹುದು, ಆದರೆ ಮದ್ದಿಗೆ ಅಳತೆ ಬೇಕು.

ಅಳತೆಯಿಟ್ಟು ಹೇಳಲು ಬರುವುದಿಲ್ಲವೆಂದಲ್ಲ. ಹರ್ಪಿಸ್ ವೈರಸ್ ನಮ್ಮ ಕೋಶಗಳ ರಕ್ಷಣೆಯನ್ನು ಮುರಿಯಲು ಬಳಸುವ ಪ್ರೋಟೀನೊಂದನ್ನು ತೆಗೆದುಹಾಕಿ, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಜೀನೊಂದನ್ನು ಸೇರಿಸಿ ಟಿ-ವೆಕ್ ಎಂಬ ಔಷಧಿ ಮಾಡಿದರು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 436 ರೋಗಿಗಳ ಪರೀಕ್ಷೆಯಲ್ಲಿ, ಆರು ತಿಂಗಳಾದರೂ ನಿಲ್ಲುವಂಥ ಗುಣ ಕಂಡದ್ದು ಟಿ-ವೆಕ್ ಪಡೆದ ನೂರರಲ್ಲಿ ಸುಮಾರು 16 ಮಂದಿಗೆ, ಹೋಲಿಕೆಯ ಗುಂಪಿನಲ್ಲಿ 2 ಮಂದಿಗೆ. ಇಂಥದ್ದನ್ನು ಶೀರ್ಷಿಕೆ ಮಾಡಿದರೆ ಯಾರು ಓದುತ್ತಾರೆ ಎನ್ನುತ್ತಾರೆ. ಆದರೆ ನೂರರಲ್ಲಿ ಹದಿನಾರು ಎಂದು ತಿಳಿದರೆ ಮನೆಮಂದಿ ಕುಳಿತು ಲೆಕ್ಕ ಹಾಕಬಹುದು: ಹೋಗೋಣವೇ, ಬೇಡವೇ, ತೋಟ ಮಾರೋಣವೇ.