ಸಾರು ಇಳಿಸಿಟ್ಟು ಕೂತ ಹೊತ್ತು

ಶುಭ ಶುಕ್ರವಾರದ ಸಂಜೆ, ಹಾಸನದ ಒಂದು ಮನೆಯ ಜಗುಲಿ. ಶಿಲುಬೆಹಾದಿ ಮುಗಿಸಿ ಬಂದ ಅಜ್ಜಿ. ಚನ್ನರಾಯಪಟ್ಟಣದಲ್ಲಿ ಟೀಚರ್ ಆಗಿರುವ ಮೊಮ್ಮಗಳು.

ಮೊಮ್ಮಗಳು: ನಿನ್ನೆ ರಾತ್ರಿಯಿಂದ ಚರ್ಚಿನ ಗಂಟೆ ಸದ್ದೇ ಇಲ್ಲ ಅಜ್ಜಿ. ಗಂಟೆ ಕೆಟ್ಟೋಯ್ತಾ ಅಂತ ಮಗು ಕೇಳ್ತು.

ಅಜ್ಜಿ: ಕೆಟ್ಟಿಲ್ಲ ಕಣೆ. ನಾಳೆ ರಾತ್ರಿ ಪಾಸ್ಖ ಪೂಜೆಯವರೆಗೆ ಬಾರಿಸಲ್ಲ. ನಾನು ಮದುವೆಯಾಗಿ ಹೋದ ಶೆಟ್ಟಿಹಳ್ಳಿಯಲ್ಲಿ ಈ ಎರಡು ದಿನ ನಾವೆಲ್ಲ ದನಿ ತಗ್ಗಿಸೇ ಮಾತಾಡ್ತಿದ್ವಿ. ಆಮೇಲೆ 1979ರಲ್ಲಿ ಗೊರೂರಿನ ಅಣೆಕಟ್ಟು ಮುಗೀತು. ಫ್ರೆಂಚ್ ಗುರುಗಳು 1860ರ ಸುಮಾರಿಗೆ ಕಟ್ಟಿಸಿದ್ದ ದೇವಾಲಯ ಹೇಮಾವತಿ ಹಿನ್ನೀರಿಗೆ ಹೋಯ್ತು. ಈಗ ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತೆ. ನೋಡೋಕೆ ಬಂದವರು ಎಷ್ಟು ಪ್ರಶಾಂತ ಅಂತಾರೆ. ನನಗದು ಪ್ರಶಾಂತ ಅನ್ನಿಸಲ್ಲ. ಮಾತಾಡೋ ಜನ ಎದ್ದುಹೋದ ಮನೆ ಅದು.

ಮೊಮ್ಮಗಳು: ನಮ್ಮನೇಲೂ ಒಂದೊಂದ್ಸಲ ಹಾಗೇ. ಇವರಿಗೆ ಸಿಟ್ಟು ಬಂದ್ರೆ ಮೂರು ದಿನ ಮಾತು ಬಿಡ್ತಾರೆ. ಮಗು ಅಪ್ಪನ ಮುಖ ನೋಡುತ್ತೆ, ನನ್ನ ಮುಖ ನೋಡುತ್ತೆ. ಪ್ರಸಂಗದಲ್ಲಿ ಮೌನದ ಮಾತು ಬಂದ್ರೆ ನನಗೆ ಭಯ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಆ ಬಂಗಾರ ಯಾವಾಗಲೂ ಹೆಂಗಸರ ಕೊರಳಿಗೇ ಯಾಕೆ?

ಅಜ್ಜಿ: ಮಾತು ಬಿಡೋದು ಬೇರೆ, ಸುಮ್ಮನಿರೋದು ಬೇರೆ. ಮಾತು ಬಿಟ್ಟೋನ ತಲೆಯೊಳಗೆ ಜಗಳ ನಡೀತಾನೇ ಇರುತ್ತೆ. ಸುಮ್ಮನಿರೋನು ಕಿವಿ ಕೊಟ್ಟಿರ್ತಾನೆ.

ಮೊಮ್ಮಗಳು: ಹೊರಗಿಂದ ನೋಡೋರಿಗೆ ಎರಡೂ ಒಂದೇ. ಗೊತ್ತಾಗೋದು ಹೇಗೆ?

ಅಜ್ಜಿ: ಮತ್ತೆ ಬಾಯಿ ತೆರೆದಾಗ ಏನು ಬರುತ್ತೆ ನೋಡು. ಲೂಕನ ಶುಭಸಂದೇಶದಲ್ಲಿ ಜಕರೀಯ ಇದ್ದಾನಲ್ಲ, ಹೆಂಡತಿ ಬಸುರಿಯಾಗೋಕೆ ಮೊದಲಿಂದ ಮಗು ಹುಟ್ಟಿ ಹೆಸರಿಡೋವರೆಗೂ ಅವನಿಗೆ ಮಾತಿಲ್ಲ. ಹೆಸರಿಡೋ ದಿನ ಎಲಿಜಬೇತಮ್ಮ ಯೊವಾನ್ನ ಅಂತಿಡಿ ಅಂದ್ರೆ ನೆಂಟರು ಕೇಳಲಿಲ್ಲ, ಗಂಡನ ಕಡೆ ತಿರುಗಿ ಸನ್ನೆ ಮಾಡಿದ್ರು. ಅವನು ಹಲಗೆ ತರಿಸಿ ಬರೆದಿದ್ದೇನು? ಹೆಂಡತಿ ಹೇಳಿದ ಹೆಸರನ್ನೇ. ಆಗ ಅವನ ನಾಲಿಗೆ ಬಿಚ್ಚಿಕೊಳ್ತು.

ಮೊಮ್ಮಗಳು: (ಸ್ವಲ್ಪ ಹೊತ್ತು ಬಿಟ್ಟು) ಇದನ್ನ ನಾನು ಹಾಗೆ ಓದೇ ಇರಲಿಲ್ಲ. ಆದರೂ ಅಜ್ಜಿ, ಶಾಲೆ ಮಕ್ಕಳನ್ನ ಶ್ರವಣಬೆಳಗೊಳಕ್ಕೆ ಕರ್ಕೊಂಡು ಹೋಗ್ತೀನಿ. 58 ಅಡಿಯ ಬಾಹುಬಲಿಯ ಪಾದದ ಹತ್ತಿರ ಎಂಥ ತುಂಟರೂ ಗಪ್‌ಚಿಪ್. ಬಾಹುಬಲಿ ರಾಜ್ಯ, ಮನೆ ಎಲ್ಲ ಬಿಟ್ಟು ನಿಂತವರು. ಬಳ್ಳಿ ಹಬ್ಬೋವರೆಗೆ ನಿಲ್ಲೋಕೆ ನನಗೆಲ್ಲಿ ಪುರುಸೊತ್ತು? ಕುಕ್ಕರ್ ಕೂಗುತ್ತೆ, ಮೊಬೈಲ್ ಹೊಡ್ಕೊಳ್ಳುತ್ತೆ, ಮಗು ಹೋಂವರ್ಕ್ ಅನ್ನುತ್ತೆ.

ಅಜ್ಜಿ: ಯೇಸುಸ್ವಾಮಿನೂ ನಸುಕಿನಲ್ಲೇ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡ್ತಿದ್ರು. ಆದರೆ ಅದಕ್ಕೆ ಮೊದಲು ಎಷ್ಟೋ ವರ್ಷ ನಜರೇತಿನ ಮನೆಯಲ್ಲಿ, ಬಡಗಿಯ ಉಳಿ ಸದ್ದಿನ ನಡುವೆ ಇದ್ದವರು. ನಿನ್ನಜ್ಜನ ಕಟ್ಟಳೆ ಒಂದಿತ್ತು. ಜಪಸರ ಮುಗಿದ ಮೇಲೆ ಯಾರೂ ತಟ್ಟನೆ ಏಳಬಾರದು. ಮೇಣದಬತ್ತಿ ಒಂದು ಬೆರಳಗಲ ಉರಿಯೋವರೆಗೆ ಎಲ್ಲರೂ ಅಲ್ಲೇ ಕೂರಬೇಕು. ಕೈಯಲ್ಲಿ ಮಣಿ, ಬಾಯಲ್ಲಿ ಏನೂ ಇಲ್ಲ.

ಮೊಮ್ಮಗಳು: ನೀವು ಮಾತ್ರ ಒಲೆ ಮುಂದೆ!

ಅಜ್ಜಿ: ಅದೇ ಹೇಳೋಕೆ ಬಂದೆ. ಮೊದಲ ವರ್ಷ ಹಾಗೇ ಆಗಿತ್ತು. ಒಂದಿನ ಅವರೇ ಎದ್ದು ಬಂದು ಸಾರಿನ ಪಾತ್ರೆ ಒಲೆಯಿಂದ ಇಳಿಸಿದ್ರು. ಬಟ್ಟೆ ಹಿಡಿಯೋದು ಗೊತ್ತಿಲ್ಲ, ಕೈ ಸುಟ್ಟುಕೊಂಡ್ರು. 'ನೀನಿಲ್ಲದೆ ನಾವು ಸುಮ್ಮನೆ ಕೂತ್ರೆ ಅದು ಸೋಮಾರಿತನ' ಅಂದ್ರು. ಆವತ್ತಿಂದ ಸಾರು ಇಳಿದ ಮೇಲೇ ಪ್ರಾರ್ಥನೆ. ಆ ಹೊತ್ತಲ್ಲಿ ನಿಮ್ಮಪ್ಪ ಎಷ್ಟೋ ಸಲ ನನ್ನ ಮಡಿಲಲ್ಲೇ ನಿದ್ದೆ ಹೋಗ್ತಿದ್ದ. ಯಾರೂ ಎಬ್ಬಿಸ್ತಿರಲಿಲ್ಲ.

ಮೊಮ್ಮಗಳು: ಇವರು ಒಪ್ತಾರಾ?

ಅಜ್ಜಿ: ಸಿಟ್ಟಿನ ದಿನ ಕೇಳಬೇಡ. ನಾಳೆ ರಾತ್ರಿ ಗಂಟೆ ಬಾರಿಸುತ್ತೆ, ಮೂವರೂ ಬನ್ನಿ. ಊರಿಗೆ ಹೋದ ಮೇಲೆ ಹತ್ತೇ ನಿಮಿಷ ಕೂತು ನೋಡಿ. ಒಲೆ ಆರಿಸೋದು ಮಾತ್ರ ಅವನ ಕೆಲಸ.